ವರ್ಷಕ್ಕೆರಡು ಉಂಗುರ

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಸರ್ವಮಂಗಳ ಮೇಡಂ ಕಲಿಸಲಾಗದ್ದನ್ನು ಒಂದು ಕಾಯಿದೆ ಒಂದೇ ಮಳೆಗಾಲದಲ್ಲಿ ಕಲಿಸಿಬಿಟ್ಟಿತು. ತಿಪಟೂರಿನ ಅಜ್ಜಿಯರಿಗೂ ಈಗ ಏಕದಳ ಯಾವುದು, ದ್ವಿದಳ ಯಾವುದು ಎಂದು ಗೊತ್ತು. ಬೀಗರು ಬಂದರೆ "ಬನ್ನಿ, ಏಕದಳದ ಕೆಳಗೆ ಕೂತು ಮಾತಾಡೋಣ" ಎಂದು ತೆಂಗಿನ ಬುಡಕ್ಕೆ ಚಾಪೆ ಹಾಸುತ್ತಾರೆ. ತೆಂಗಿನಮರಕ್ಕೆ ಕೇಂಬಿಯಂ ಇದೆ ಎಂದು ಬರೆದು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಲಾರಿ ಮಾಲೀಕನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನೇ ತಡೆದು, "ಮೇಡಂ, ಆ ಬೇವಿನ ಕೆಳಗೆ ನಿಂತು ಫೋನ್ ಮಾಡಬೇಡಿ, ಅದಕ್ಕೆ ಕೇಂಬಿಯಂ ಇರ್ತದೆ" ಎಂದು ಎಚ್ಚರಿಸಿದ್ದ. ಆಕೆ "ಹೌದೇನಪ್ಪಾ" ಎಂದು ಪಕ್ಕಕ್ಕೆ ಸರಿದಿದ್ದಳು. ಆ ವಯಸ್ಸಿಗೆ ವಾದ ಮಾಡುವುದಕ್ಕಿಂತ ಸರಿಯುವುದು ಸುಲಭ.

ವಿಷಯ ಇಷ್ಟೇ. ದ್ವಿದಳ ಮರದ ತೊಗಟೆಯ ಒಳಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಒಂದು ಪದರ ಇರುತ್ತದೆ, ಅದೇ ಕೇಂಬಿಯಂ. ಮರ ದಪ್ಪವಾಗುವುದು ಅದರ ದೆಸೆಯಿಂದ; ತೆಂಗಿನಂಥ ಏಕದಳಕ್ಕೆ ಅದಿಲ್ಲ. ಮಳೆ ಬಿದ್ದು ಮರ ಚಿಗುರಿದಾಗ ಅದು ಎಚ್ಚೆತ್ತು ಒಳಮಗ್ಗುಲಿಗೆ ಹೊಸ ಕೋಶಗಳನ್ನು ಕಟ್ಟುತ್ತದೆ. ಆ ಕೋಶಗಳು ಗೋಡೆ ಗಟ್ಟಿ ಮಾಡಿಕೊಂಡು, ಸತ್ತು, ಕಟ್ಟಿಗೆಯಾಗುತ್ತವೆ. ಗೋಡೆ ಇನ್ನೂ ಹಸಿಯಾಗಿರುವಾಗ ಹತ್ತಿರದಲ್ಲಿ ಯಾರಾದರೂ ಮಾತಾಡಿದರೆ ಆ ಅದುರು ಅದರಲ್ಲಿ ಉಳಿದುಬಿಡುತ್ತದೆ, ಹಸಿ ಸಿಮೆಂಟಿನ ಮೇಲೆ ನಾಯಿ ನಡೆದ ಹಾಗೆ. ಇದನ್ನು ಎಲ್ಲೋ ಹಿಮ ಬೀಳುವ ದೇಶದಲ್ಲಿ ಯಾರೋ ಕಂಡುಹಿಡಿದರು. ಮತ್ಯಾರೋ ಅದನ್ನು ಕೇಳಿಸುವ ಯಂತ್ರ ಮಾಡಿದರು. ಯಂತ್ರ ಬಂದ ಮೇಲೆ ಸುಮ್ಮನಿರಲಾಗದೆ ನಮ್ಮವರು ವೃಕ್ಷಸಾಕ್ಷ್ಯ ಕಾಯಿದೆ ಮಾಡಿದರು. ಅದರ ತಿರುಳು ಒಂದೇ: ಕಾಗದದಲ್ಲಾಗಲಿ ಮರದಲ್ಲಾಗಲಿ, ಮನುಷ್ಯ ಕೊನೆಗೆ ಏನು ಹೇಳಿದನೋ ಅದೇ ಅವನ ಮಾತು.

ಮೊದಲ ವರ್ಷ ಜನ ಹುಣಸೆ, ಬೇವು, ಹಲಸು ಎಲ್ಲವನ್ನೂ ಕಡಿಸಿದರು. ಅಂಗಳಗಳು ಬೋಳಾದವು. ಎರಡನೇ ವರ್ಷ ಬುದ್ಧಿ ಬಂತು. ಮರ ಬೇಸಿಗೆಯಲ್ಲಿ ನಿದ್ದೆ ಮಾಡುತ್ತದೆ, ಆಗ ಆಡಿದ್ದು ಕೂರುವುದಿಲ್ಲ ಎಂದು ತಿಳಿದ ಮೇಲೆ ಮದುವೆ ಮಾತುಕತೆ, ಲಂಚ, ಅತ್ತೆಯ ಮೇಲಿನ ದೂರು, ಎಲ್ಲವೂ ಉಗಾದಿಯ ಆಸುಪಾಸಿಗೆ ಸರಿದವು. ಅಲ್ಲಿಯವರೆಗೆ ತಡೆಯಲಾಗದವರು ತೆಂಗಿನತೋಟಕ್ಕೆ ಬಂದರು. ತಿಪಟೂರಿಗೆ ಕೊಬ್ಬರಿಯ ಜೊತೆ ಹೊಸ ಬೆಳೆ ಸಿಕ್ಕಿತು. ತುಮಕೂರಿನಿಂದ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು ಗಂಟೆಗಿಷ್ಟು ಎಂದು ಕೊಟ್ಟು ತೋಟದಲ್ಲಿ ಕೂತು ಮನಸ್ಸು ಬಿಚ್ಚಿ ಜಗಳವಾಡಿ ಹೋಗುತ್ತಿದ್ದರು.

ಸರ್ವಮಂಗಳಾಳ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಹುಡುಗರೇ ಬಾರದೆ ವಿಭಾಗ ಮುಚ್ಚಿದಾಗ ಆಕೆಯನ್ನು ವೃಕ್ಷಸಾಕ್ಷ್ಯ ಕೇಂದ್ರಕ್ಕೆ ನಿಯೋಜಿಸಿದರು. ಅಲ್ಲಿ ಎಲ್ಲಕ್ಕೂ ಯಂತ್ರವಿತ್ತು, ಕತ್ತರಿಸುವುದೊಂದಕ್ಕೆ ಇರಲಿಲ್ಲ. ಯಂತ್ರದಲ್ಲಿ ಕತ್ತರಿಸಿದರೆ ಮೋಟಾರಿನ ಗುಂಯ್‌ಗುಟ್ಟುವಿಕೆ ಕಟ್ಟಿಗೆಯ ಮೇಲೆ ಕೂತು, ಸತ್ತವರ ಮಾತಿನ ನಡುವೆ ಮಿಕ್ಸಿ ಓಡಿದ ಹಾಗೆ ಕೇಳಿಸುತ್ತಿತ್ತು. ಹಾಗಾಗಿ ಹಳೆಯ ಪದ್ಧತಿಯೇ ಗತಿ: ಮರದಿಂದ ಕೊರೆದು ತೆಗೆದ ಬಳಪದಷ್ಟು ದಪ್ಪದ ಕಡ್ಡಿಯನ್ನು ಬೇಯಿಸಿ ಮೆತ್ತಗೆ ಮಾಡಿ, ಸೀಳಿದ ಕ್ಯಾರೆಟ್ಟಿನ ನಡುವೆ ಹಿಡಿದು, ಬ್ಲೇಡನ್ನು ನೀರಲ್ಲಿ ಅದ್ದಿ, ಉಸಿರು ಕಟ್ಟಿ ತನ್ನ ಕಡೆಗೆ ಒಂದೇ ಎಳೆತ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರು ಮಾಡಿ ಬೆರಳು ಕೊಯ್ದುಕೊಳ್ಳುತ್ತಿದ್ದದ್ದೇ. ತೆಳುವಾದ ಸೆಕ್ಷನ್ನು ನೀರಲ್ಲಿ ತೇಲಿದಾಗ ಬ್ರಷ್ಷಿನಲ್ಲಿ ಎತ್ತಿ, ಸಾಫ್ರನಿನ್ ಎಂಬ ಕೆಂಪು ಬಣ್ಣದಲ್ಲಿ ಅದ್ದಿ, ಸ್ಲೈಡಿನ ಮೇಲಿಟ್ಟು ಆಪರೇಟರ್ ಶಬೀನಾಳ ಯಂತ್ರಕ್ಕೆ ಕೊಡಬೇಕು. ಕೆಲಸ ಮುಗಿಯುವವರೆಗೆ ಕೋಣೆಯಲ್ಲಿ ಯಾರೂ ಕೆಮ್ಮುವಂತಿಲ್ಲ.

ಹೀಗೆ ಆಕೆ ದಿನವಿಡೀ ಮೌನವಾಗಿ ಊರವರ ಮಾತನ್ನು ಕತ್ತರಿಸಿಕೊಟ್ಟು ಸಂಜೆ ಮನೆಗೆ ಬಂದರೆ ಅಲ್ಲಿ ಓಂಕಾರಮೂರ್ತಿ ಇರುತ್ತಿದ್ದರು.

ಓಂಕಾರಮೂರ್ತಿ ಆಕೆಯ ಗಂಡ. ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನೂ ಬಾರದಿರುವುದನ್ನೂ ಮೈಕಿನಲ್ಲಿ ಹೇಳುತ್ತಿದ್ದವರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಮೈಕು ಹೋದರೂ ದನಿ ಹೋಗಿರಲಿಲ್ಲ. ಮನೆ ಮುಂದಿನ ಹೊಂಗೆಮರ ಆ ಬೀದಿಯಲ್ಲಿ ಉಳಿದಿದ್ದ ಒಂದೇ ದ್ವಿದಳ; ಕಡಿಯಲು ಅವರು ಬಿಟ್ಟಿರಲಿಲ್ಲ. ಅದರ ಬುಡದ ಕಲ್ಲುಬೆಂಚಿನಲ್ಲಿ ಕೂತು, ಕಾಂಡಕ್ಕೆ ಬೆನ್ನು ಕೊಟ್ಟು, ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು.

"ದಯವಿಟ್ಟು ಗಮನಿಸಿ. ಇವತ್ತು ಗುರುವಾರ..." ಎಂದು ಶುರುವಾದರೆ ತಾರೀಖು, ಇಸವಿ, ಆಮೇಲೆ ಕೊಬ್ಬರಿ ಧಾರಣೆ, ಹವಾಮಾನ, ಯಾರು ಶಿವೈಕ್ಯರಾದರು, ಎಲ್ಲ. ದಾರಿಹೋಕರು ಆ ಮರದ ಹತ್ತಿರ ಬಂದಾಗ ಬಾಯಿಗೆ ಟವಲ್ ಅಡ್ಡ ಹಿಡಿದು ಓಡುತ್ತಿದ್ದರು.

"ಏನ್ರೀ ಮೂರ್ತಪ್ಪೋರೇ, ಅದು ಬರ್ಕೊಳ್ತದೆ ಕಣ್ರೀ!" ಎಂದು ಎದುರು ಮನೆಯವರು ದೂರದಿಂದಲೇ ಕೂಗಿದರೆ, "ಬರ್ಕೊಳ್ಳಲಿ ಬಿಡಿ, ನಾನೇನ್ ಕದ್ದಿದೀನಾ?" ಎನ್ನುತ್ತಿದ್ದರು.

ಸರ್ವಮಂಗಳಾಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಹಳಿ ಪಕ್ಕದ ಮನೆಯವರಿಗೆ ರೈಲು ಕೇಳಿಸದ ಹಾಗೆ.

ಜ್ಯೇಷ್ಠದ ಒಂದು ಭಾನುವಾರ ದಾಕ್ಷಾಯಿಣಿ ಗೇಟಿನ ಹತ್ತಿರ ಬಂದು ನಿಂತಳು. ಬಸ್‌ಸ್ಟ್ಯಾಂಡಿನ ಹಿಂದೆ ತಟ್ಟೆ ಇಡ್ಲಿ ಅಂಗಡಿ ನಡೆಸುವವಳು. ಅಂಗಡಿಯ ಮೇಲೆ ಮೈದುನನ ಕೇಸು ಶುರುವಾದಾಗಿನಿಂದ ಸೊರಗಿದ್ದಳು. ಹಿಂದೊಮ್ಮೆ ಸರ್ವಮಂಗಳಾಳ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಮಾತಾಡದೆ ಹಿತ್ತಲ ಕಡೆ ಕೈ ತೋರಿಸಿದಳು. ಇಬ್ಬರೂ ಹೊಂಗೆಯನ್ನು ಬಳಸಿಕೊಂಡು ಹಿತ್ತಲಿನ ತೆಂಗಿನ ಬುಡಕ್ಕೆ ಹೋದರು.

"ಮೇಡಂ, ಸೋಮವಾರ ನಮ್ಮ ಹುಣಸೆಮರದ ಕಡ್ಡಿ ನಿಮ್ಮ ಆಫೀಸಿಗೆ ಬರ್ತದೆ."

"ಕೇಸಿನ ವಿಷಯ ನನ್ನ ಹತ್ರ ಮಾತಾಡೋ ಹಾಗಿಲ್ಲ ಕಣಮ್ಮ."

"ಮಾತಾಡಲ್ಲ ಬಿಡಿ. ಸುಮ್ನೆ ತೆಂಗಿನಮರಕ್ಕೆ ಹೇಳ್ತೀನಿ, ನೀವು ಬೇಕಾದ್ರೆ ಕೇಳಿಸ್ಕೊಳಿ."

ತೆಂಗಿನಮರಕ್ಕೆ ಹೇಳಿದಳು. ಗಂಡ ಸತ್ತ ಮೇಲೆ ಮಾವ ಮರಿಸಿದ್ದಪ್ಪನನ್ನು ನೋಡಿಕೊಂಡವಳು ಅವಳೇ. ಮೈದುನ ರೇವಣ್ಣ ಏಳು ವರ್ಷದ ಹಿಂದೆ ಮುದುಕನನ್ನು ಕರೆದುಕೊಂಡು ಹೋಗಿ ಅಂಗಡಿಯನ್ನು ತನ್ನ ಹೆಸರಿಗೆ ಉಯಿಲು ಬರೆಸಿಕೊಂಡಿದ್ದ. ಆಮೇಲೆ ಮುದುಕನಿಗೆ ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಸಾಯುವುದಕ್ಕೆ ಒಂದು ವರ್ಷ ಮೊದಲು, ಅಂಗಡಿ ಹಿಂದಿನ ಹುಣಸೆಮರಕ್ಕೆ ಬೇಕೆಂದೇ ಬಾಯಿ ಇಟ್ಟು, ಅಂಗಡಿ ಸೊಸೆಗೇ ಎಂದು ಹೇಳಿದ್ದ.

"ಯಾಕಪ್ಪಾ ಮರದ ಹತ್ರ ಹೇಳ್ತೀಯಾ ಅಂದ್ರೆ, 'ಕಾಗದ ರೇವಣ್ಣನ ಬೀರೂನಲ್ಲಿ ಇರ್ತದೆ ಕಣವ್ವ, ಮರ ಯಾರ ಬೀರೂನಲ್ಲೂ ಹಿಡಿಯಲ್ಲ' ಅಂದ್ರು. ಐದು ವರ್ಷದ ಹಿಂದೆ. ಆಗಿನ್ನೂ ಕಾಯಿದೆ ಬಂದಿರ್ಲಿಲ್ಲ, ಮರ ಮಾತು ಇಟ್ಕೊಳ್ತದೆ ಅನ್ನೋ ಸುದ್ದಿ ಮಾತ್ರ ಬಂದಿತ್ತು. ನಂಗೆ ಚೆನ್ನಾಗಿ ಗ್ಯಾಪ್ಕ ಐತೆ."

"ಹಂಗಾದ್ರೆ ಮರ ಹೇಳ್ತದೆ ಬಿಡಮ್ಮ. ಹೆದರಿಕೆ ಯಾಕೆ?"

"ಮರದ್ದಲ್ಲ ಮೇಡಂ ಹೆದರಿಕೆ," ಎಂದಳು ದಾಕ್ಷಾಯಿಣಿ.

ಸೋಮವಾರ ಕಡ್ಡಿ ಬಂತು. ಸರ್ವಮಂಗಳ ಕತ್ತರಿಸಿದಳು, ಬಣ್ಣ ಹಾಕಿದಳು, ಕೊಟ್ಟಳು. ಶಬೀನಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಉಂಗುರ ದಾಟುತ್ತಾ ಹೋಗಿ ಕೈ ಎತ್ತಿದಳು.

"ಸಿಕ್ತು ಮೇಡಂ. 'ದಾಕ್ಷಾಯಿಣಿ, ಈ ಅಂಗಡಿ ನಿಂದೇ ಕಣವ್ವ, ರೇವಣ್ಣನಿಗೂ ಹೇಳೇನಿ.' ಮುದುಕರ ದನಿ. ಬಾಯಿ ಇಟ್ಟು ಹೇಳಿರ್ಬೇಕು, ಸ್ಟೀಲ್ ಡಬ್ಬಿ ಒಳಗಿಂದ ಬಂದ ಹಾಗೆ ಸ್ಪಷ್ಟ ಇದೆ."

"ಎಷ್ಟನೇ ಉಂಗುರ?"

"ಹತ್ತು." ಯಂತ್ರವೇ ಪರದೆಯ ಮೇಲೆ ಷರಾ ಬರೆಯಿತು: ಹತ್ತು ವರ್ಷದ ಹಿಂದೆ ಆಡಿದ್ದು. ಉಯಿಲು ಏಳು ವರ್ಷದ ಹಿಂದಿನದು. ಕೊನೆಯ ಮಾತೇ ಮಾತು. ಅಂಗಡಿ ರೇವಣ್ಣನದು.

ಕೇಂದ್ರದಲ್ಲಿ ಒಂದು ಗಾದೆಯೇ ಹುಟ್ಟಿತ್ತು: ಮನುಷ್ಯ ಮರೀತಾನೆ, ಮರ ಮರೆಯಲ್ಲ. ಯಾರಾದರೂ "ಅದು ಅಷ್ಟು ಹಿಂದೆ ಅಲ್ಲ" ಎಂದು ಅತ್ತರೆ ಅದನ್ನು ಹೇಳಿ ಕಳಿಸುತ್ತಿದ್ದರು. ಸರ್ವಮಂಗಳಾಳೂ ಹೇಳುತ್ತಿದ್ದಳೇನೋ. ಆದರೆ ಊಟಕ್ಕೆ ಏಳುವ ಮುಂಚೆ ಮಿಕ್ಕ ಒಂದು ಸೆಕ್ಷನ್ನನ್ನು, ಎಸೆಯಲು ಮನಸ್ಸಾಗದೆ, ಮೂಲೆಯಲ್ಲಿದ್ದ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಚೆನ್ನಾಗಿ ಬಂದ ಸೆಕ್ಷನ್ನನ್ನು ಒಮ್ಮೆ ನೋಡುವುದು ಅಭ್ಯಾಸ, ದೋಸೆ ಗರಿಗರಿಯಾಗಿ ಎದ್ದರೆ ತಿರುಗಿಸಿ ನೋಡುವ ಹಾಗೆ.

ನೋಡಿದವಳು ಊಟಕ್ಕೆ ಹೋಗಲಿಲ್ಲ.

ಪ್ರಥಮ ಪಿಯುಸಿಯ ಪಾಠ. ಮರ ಚುರುಕಾಗಿ ಬೆಳೆಯುವಾಗ ನೀರಿನ ಕೊಳವೆಗಳು ಅಗಲ. ಬೇಸಿಗೆ ಬಂದಂತೆ ಸಣ್ಣಗಾಗುತ್ತಾ ಹೋಗಿ ನಿಲ್ಲುತ್ತವೆ. ಮತ್ತೆ ಮಳೆ ಬಂದಾಗ ಒಮ್ಮೆಗೇ ಅಗಲವಾದವು ಶುರು. ಹಾಗಾಗಿ ನಿಜವಾದ ವರ್ಷದ ಉಂಗುರಕ್ಕೆ ಒಂದು ಕಡೆ ಅಂಚು ಬ್ಲೇಡಿನಷ್ಟು ಚೂಪು. ನಡುವೆ ಮಳೆ ಕೈಕೊಟ್ಟು ಮರ ತೂಕಡಿಸಿ ಮತ್ತೆ ಎದ್ದರೆ ಅಲ್ಲೂ ಒಂದು ಗೆರೆ ಮೂಡುತ್ತದೆ. ಆದರೆ ಅದು ಎರಡೂ ಕಡೆ ಮಸುಕು. ಅದಕ್ಕೆ ಸುಳ್ಳುಂಗುರ ಎಂದು ಹೆಸರು. ಎರಡು ಮಾರ್ಕಿನ ಪ್ರಶ್ನೆ, ಯಾರೂ ಬರೆಯುತ್ತಿರಲಿಲ್ಲ.

ಹುಣಸೆಯ ಕಡ್ಡಿಯಲ್ಲಿ ಒಂದು ಚೂಪು, ಒಂದು ಮಸುಕು. ಒಂದು ಚೂಪು, ಒಂದು ಮಸುಕು. ತೊಗಟೆಯಿಂದ ಒಳಗಿನವರೆಗೂ ಹಾಗೆಯೇ.

ಕಿಟಕಿಯ ಹೊರಗೆ ನೋಡಿದಳು. ಮುಂಗಾರು ಆಗಲೇ ಹಿಂದೆಗೆಯುತ್ತಿತ್ತು. ಇನ್ನೇನು ಆಷಾಢ, ಒಣಗಾಳಿ ಬೀಸಿ, ಎಲೆ ಬಾಡಿ, ಹಿಂಗಾರು ಬರುವವರೆಗೆ ಮರಗಳು ಕಣ್ಣು ಮುಚ್ಚುತ್ತವೆ. ಈ ಸೀಮೆಯಲ್ಲಿ ಮರ ವರ್ಷಕ್ಕೆ ಎರಡು ಸಲ ಮಲಗುತ್ತದೆ. ಹಿಮದ ದೇಶದ ಯಂತ್ರಕ್ಕೆ ವರ್ಷಕ್ಕೆ ಒಂದೇ ನಿದ್ದೆ ಗೊತ್ತು.

"ಶಬೀನಾ, ಇದು ಹತ್ತು ವರ್ಷ ಅಲ್ಲ. ಐದು."

ಶಬೀನಾ ಹೆಡ್‌ಫೋನ್ ತೆಗೆದಳು. "ಮೇಡಂ, ಹೋದ ವರ್ಷದ ಜಗಳ ಆದ್ರೆ ಹೋಗ್ಲಿ, ಅಷ್ಟು ವ್ಯತ್ಯಾಸ ಬರಲ್ಲ. ಆದ್ರೆ ಹಳೇ ಕೇಸುಗಳು... ಯಾ ಅಲ್ಲಾ."

ನಿರ್ದೇಶಕ ಚಂದ್ರಮೌಳಿ ಒಳ್ಳೆಯ ಮನುಷ್ಯ. ಸಕ್ಕರೆ ಕಾಯಿಲೆಯಿಂದಲೂ ಮೀಟಿಂಗುಗಳಿಂದಲೂ ನಲುಗಿದ್ದ. ಸ್ಲೈಡನ್ನು ನೋಡಿದ, ಮತ್ತೆ ನೋಡಿದ, ಕುರ್ಚಿಗೆ ಒರಗಿದ.

"ಮೇಡಂ, ನಿಮ್ಮ ನಿವೃತ್ತಿ ಯಾವಾಗ?"

"ಸಂಕ್ರಾಂತಿ ಕಳೆದ ಮೇಲೆ."

"ನೋಡಿ, ಅಷ್ಟು ಹತ್ರ ಬಂದ್ಬಿಟ್ಟಿದೀರಿ. ಈಗ ಈ ಮಸುಕು, ಚೂಪು ಎಲ್ಲ ಯಾಕೆ?"

"ನಾನಲ್ಲ ಸರ್ ಮಾಡಿದ್ದು. ಮಳೆ."

"ಮಳೆ ಮೇಲೆ ನಾನು ಮೇಲಿನವರಿಗೆ ಬರೆಯೋಕಾಗುತ್ತಾ? ಯಂತ್ರಕ್ಕೆ ಸರ್ಟಿಫಿಕೇಟ್ ಇದೆ. ನಿಮ್ಮ ಕಣ್ಣಿಗಿದೆಯಾ? ಇದೇ ಮಸುಕು ಅಂತ ನೀವು ಅಂತೀರಿ. ಚೂಪು ಅಂತ ಆ ಕಡೆ ಲಾಯರು ಅಂತಾರೆ. ನಂಗೆ ತಾರೀಖು ಗೊತ್ತಿರೋ ಮರ ತನ್ನಿ. ಯಾವನೋ ಒಬ್ಬ ದಿನಾ ಮರದ ಮುಂದೆ ಕೂತು ಇವತ್ತು ಇಂಥಾ ಇಸವಿ, ಇಂಥಾ ತಾರೀಖು ಅಂತ ಹೇಳಿರ್ಬೇಕು. ಅಂಥಾ ಹುಚ್ಚ ಈ ರಾಜ್ಯದಲ್ಲೇ ಇಲ್ಲ."

ಸರ್ವಮಂಗಳ ಸ್ಲೈಡನ್ನು ಒರೆಸಿ ಡಬ್ಬಿಗೆ ಹಾಕಿಕೊಂಡಳು.

"ಒಬ್ಬರಿದ್ದಾರೆ ಸರ್," ಎಂದಳು. "ನಮ್ಮನೇಲೇ."

ಮನೆಗೆ ಹೋಗುವ ದಾರಿಯಲ್ಲಿ ಅದು ಆಕೆಗೆ ತಟ್ಟಿತು. ಕಾಯಿದೆಯ ಪ್ರಕಾರ ಸಾಕ್ಷಿ ಮರದ ದನಿಯನ್ನು ಕತ್ತರಿಸದೆ, ಬಿಡದೆ, ತುಂಬಿದ ಕೋರ್ಟಿನಲ್ಲಿ ಕೇಳಿಸಬೇಕು. ಆರು ವರ್ಷ ಆ ಮನುಷ್ಯ ಪೇಪರನ್ನಷ್ಟೇ ಓದಿದ್ದಾರೆಯೇ? ಮರಕ್ಕೆ ಬೆನ್ನು ಕೊಟ್ಟು ಕೂತ ಗಂಡಸು ಹೆಂಡತಿಯ ಬಗ್ಗೆ ಏನೇನು ಹೇಳುತ್ತಾನೆ ಎಂಬುದನ್ನು ಆಕೆ ನಾಲ್ಕು ವರ್ಷದಿಂದ ಸೆಕ್ಷನ್ ಸೆಕ್ಷನ್ನಾಗಿ ಬಲ್ಲಳು. ಅದೇ ಲಾರಿ ಮಾಲೀಕನ ಹಲಸು ಎಂಥೆಂಥ ಮಾತಾಡಿತ್ತು! ಅವನ ಹೆಂಡತಿ ಕೋರ್ಟಿನಿಂದ ಸೆರಗು ಮುಚ್ಚಿಕೊಂಡು ಹೋದವಳು ಇನ್ನೂ ಪೇಟೆಗೆ ಬಂದಿಲ್ಲ.

ಓಂಕಾರಮೂರ್ತಿ ಬೆಂಚಿನ ಮೇಲೇ ಇದ್ದರು. ಆಕೆ ಅಂಗಳದ ಆಚೆ ತುದಿಯಲ್ಲಿ ನಿಂತು ಕೈ ಸನ್ನೆಯಲ್ಲಿ ಕರೆದಳು. ಬಂದರು. ಎಲ್ಲ ಹೇಳಿದಳು. ಅವರ ಮುಖ ಗಂಭೀರವಾಯಿತು.

"ಬೇಡ ಕಣೆ."

"ಯಾಕ್ರೀ?"

"ಅದು ನನಗೂ ಮರಕ್ಕೂ ಸೇರಿದ್ದು."

"ಅಂಥದ್ದೇನು ಹೇಳಿದೀರಿ ಅದಕ್ಕೆ?"

"ಏನಿಲ್ಲ. ಪೇಪರ್ ಓದಿದೀನಿ."

"ಬರೀ ಪೇಪರ್ ಆದ್ರೆ ಭಯ ಯಾಕೆ?"

"ಭಯ ಅಂತ ಯಾರಂದ್ರು?" ಒಳಗೆ ಹೋಗಿ ಟಿವಿ ಹಾಕಿದರು. ಅವರು ಟಿವಿ ನೋಡುವವರಲ್ಲ.

ರಾತ್ರಿ ಊಟಕ್ಕೆ ಕೂತಾಗ ಆಕೆ ಆ ವಿಷಯ ಎತ್ತಲಿಲ್ಲ. ಎತ್ತುವ ಶಕ್ತಿಯೂ ಇರಲಿಲ್ಲ. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ ಅವರೇ ಕೇಳಿದರು.

"ಆ ಹುಡುಗಿ ಅಂಗಡಿ ಹೋಗ್ಬಿಡುತ್ತಾ?"

"ಹೋಗುತ್ತೆ."

"ರೇವಣ್ಣ ಇಡ್ಲಿ ಮಾಡ್ತಾನಾ?"

"ಮೊಬೈಲ್ ಅಂಗಡಿ ಮಾಡ್ತಾನಂತೆ."

ಬಹಳ ಹೊತ್ತು ಅನ್ನ ಕಲಸಿದರು. "ತೆಗಿ. ಕಡ್ಡಿ ತೆಗಿ. ಆದ್ರೆ ನೀನೊಬ್ಬಳೇ ಮೊದಲು ಕೇಳು. ಕೇಳಿ ನನ್ನ ಹತ್ರ ಏನೂ ಕೇಳಬೇಡ."

ಮರುದಿನ ಬೆಳಿಗ್ಗೆ ಶಬೀನಾ ಮತ್ತು ಚಂದ್ರಮೌಳಿಯ ಎದುರಿನಲ್ಲಿ ಸರ್ವಮಂಗಳ ಹೊಂಗೆಗೆ ಬೈರಿಗೆ ಇಳಿಸಿದಳು. ಓಂಕಾರಮೂರ್ತಿ ಕಾಂಡದ ಇನ್ನೊಂದು ಕಡೆ ಅಂಗೈ ಒತ್ತಿ ನಿಂತಿದ್ದರು, ಮಗುವಿಗೆ ಸೂಜಿ ಹಾಕಿಸುವಾಗ ಹಿಡಿದ ಹಾಗೆ.

"ನೋವಾಗುತ್ತಾ ಇದಕ್ಕೆ?"

"ತೊಗಟೆ ಹತ್ರ ಮಾತ್ರ ಜೀವ ಇರೋದು. ಒಳಗಿನ ಕೊಳವೆಗಳೆಲ್ಲ ಸತ್ತ ಕೋಶ. ಸತ್ತ ಮೇಲೇ ಅವು ನೀರು ಹೊರೋದು."

"ನಮ್ಮ ಇಲಾಖೆ ಇದ್ದ ಹಾಗೆ," ಎಂದ ಚಂದ್ರಮೌಳಿ. ಯಾರೂ ನಗಲಿಲ್ಲ. ಮರದ ಹತ್ತಿರ ನಗು ಕೂಡ ದಾಖಲಾಗುತ್ತದೆ. ತೂತಿಗೆ ಮೇಣ ತುಂಬಿ ಹೊರಟರು.

ಆ ಕಡ್ಡಿಯನ್ನು ಕತ್ತರಿಸುವಾಗ ಮಾತ್ರ ಆಕೆ ಬ್ಲೇಡನ್ನು ಎರಡೆರಡು ಸಲ ನೀರಲ್ಲಿ ಅದ್ದಿದಳು. ಮೊದಲ ಎಳೆತ ಓರೆಯಾಯಿತು. ಎರಡನೆಯದು ದಪ್ಪವಾಯಿತು. ಹುಡುಗರಿಗೆ ಹೇಳುತ್ತಿದ್ದದ್ದು ನೆನಪಾಯಿತು: ಸೆಕ್ಷನ್ ತೆಗೆಯುವಾಗ ಆಮೇಲೆ ಏನು ಕಾಣುತ್ತದೋ ಎಂದು ಯೋಚಿಸಬಾರದು, ಬ್ಲೇಡನ್ನು ಮಾತ್ರ ಯೋಚಿಸಬೇಕು. ಮೂರನೆಯದು ಸರಿಯಾಗಿ ತೇಲಿತು.

ಶಬೀನಾ ಸ್ಲೈಡ್ ಕೂರಿಸಿ, ಹೆಡ್‌ಫೋನನ್ನು ಆಕೆಯ ಕೈಗೆ ಕೊಟ್ಟು, ಟೀ ಕುಡಿದು ಬರುತ್ತೇನೆ ಎಂದು ಹೊರಗೆ ಹೋದಳು. ಅವಳು ಟೀ ಬಿಟ್ಟು ವರ್ಷವಾಗಿತ್ತು.

ಯಂತ್ರ ಹನ್ನೆರಡನೆಯ ಉಂಗುರಕ್ಕೆ ಹೋಗಿ ನಿಂತಿತು. ಹನ್ನೆರಡು ವರ್ಷದ ಹಿಂದೆ, ಎಂದಿತು ಪರದೆ. ಮರದ ದನಿ ಯಾವಾಗಲೂ ಹಾಗೆ: ಬಾಯಿ ಇಟ್ಟು ಹೇಳಿದ್ದನ್ನು ಬಿಟ್ಟರೆ ಪೂರಾ ವಾಕ್ಯಗಳು ಸಿಗುವುದಿಲ್ಲ, ದಿನದಿನವೂ ಅದೇ ಜಾಗದಿಂದ ಬಂದದ್ದು ಮಾತ್ರ ಪದರ ಪದರವಾಗಿ ಗಟ್ಟಿಯಾಗುತ್ತದೆ. ಆ ಮನುಷ್ಯನ ದನಿಯಾದರೋ ಪ್ಲಾಟ್‌ಫಾರಂ ಮುಟ್ಟುವ ದನಿ.

"ದಯವಿಟ್ಟು ಗಮನಿಸಿ..." ವಾರ. ತಾರೀಖು. ಇಸವಿ. ಅದು ಅವರು ನಿವೃತ್ತರಾದ ಇಸವಿ. ಆರು ವರ್ಷದ ಹಿಂದಿನದು, ಹನ್ನೆರಡಲ್ಲ.

ಅಷ್ಟು ಸಾಕಾಗಿತ್ತು. ಕಾಯಿದೆಗೆ ಸಾಕಾಗಿತ್ತು, ದಾಕ್ಷಾಯಿಣಿಗೆ ಸಾಕಾಗಿತ್ತು. ಸರ್ವಮಂಗಳ ಹೆಡ್‌ಫೋನ್ ತೆಗೆಯಲಿಲ್ಲ.

ಕೊಬ್ಬರಿ ಕ್ವಿಂಟಾಲಿಗೆ ಇಷ್ಟು. ದಕ್ಷಿಣ ಒಳನಾಡಿನಲ್ಲಿ ಗುಡುಗು ಸಹಿತ ಮಳೆ. ಯಾರೋ ಶಿವೈಕ್ಯ. ಪೇಪರ್ ಮಡಚುವ ಸದ್ದು. ಆಮೇಲೆ ಅದೇ ದನಿ, ಆದರೆ ಮೈಕಿನದಲ್ಲ:

"ಮಂಗಳಾ, ಕೇಳಿಸ್ತಾ?"

ನಂತರ ಏನಿಲ್ಲ. ಕಾಗೆ. ಬೀದಿಯಲ್ಲಿ ಹಾಲಿನವನ ಸೈಕಲ್ಲು. ಮೌನ ಬಹಳ ಹೊತ್ತು ಹೋಯಿತು. ಯಾರೋ ಒಳಗಿನಿಂದ ಉತ್ತರ ಕೊಡುತ್ತಾರೆ ಎಂದು ಕಾಯುವವನ ಮೌನ ಅದು. ಮರಕ್ಕೆ ಬೇರೆ ಮೌನಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಿಲ್ಲ, ಇದ್ದಷ್ಟನ್ನೂ ಹಾಗೇ ಇಟ್ಟುಕೊಂಡಿತ್ತು. ಕೊನೆಗೆ ಗೇಟು ಕಿರುಗುಟ್ಟಿತು. ಆ ಗೇಟು ಆಕೆಗೆ ಗೊತ್ತು. ಕಾಲೇಜಿನ ಬಸ್ಸಿಗೆ ಹೊರಡುವ ಆಕೆಯೇ ಅದು.

ಒಂದು ಉಂಗುರ ಮುಂದೆ ಬಂದಳು. ತಾರೀಖು, ಕೊಬ್ಬರಿ, ಮಳೆ. "ಮಂಗಳಾ, ಕೇಳಿಸ್ತಾ?" ಕಾಗೆ. ಗೇಟು.

ಇನ್ನೂ ಮುಂದೆ. ಆಕೆ ಕಾಯುತ್ತಿದ್ದ ಬೈಗುಳ ಎಲ್ಲೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಬೈದವರ ಮೇಲೆ ಸಿಟ್ಟು ಮಾಡಬಹುದು. ಬದಲಿಗೆ ಆ ಕಾಯುವ ಮೌನ ಉಂಗುರದಿಂದ ಉಂಗುರಕ್ಕೆ ಚಿಕ್ಕದಾಗುತ್ತಾ ಬಂತು. ಐದಾರನೇ ಉಂಗುರದ ಹೊತ್ತಿಗೆ ಒಂದು ಉಸಿರಿನಷ್ಟು. ಮೂರರಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಪುಟ ತಿರುಗುವ ಸದ್ದು. ತೊಗಟೆಗೆ ಅಂಟಿದ ಕೊನೆಯ ಉಂಗುರದಲ್ಲಿ, ಈ ಮುಂಗಾರಿನದರಲ್ಲಿ, ತಾರೀಖಿತ್ತು, ಕೊಬ್ಬರಿ ಇತ್ತು, ಮಳೆ ಇತ್ತು. ಪ್ರಶ್ನೆ ಇರಲಿಲ್ಲ.

ಇಡೀ ಕಡ್ಡಿಯಲ್ಲಿ ಆಕೆಯ ದನಿ ಒಂದು ಕಡೆಯೂ ಇರಲಿಲ್ಲ.

ಶಬೀನಾ ಬಂದಾಗ ಆಕೆ ಹೆಡ್‌ಫೋನ್ ಮೇಜಿನ ಮೇಲಿಟ್ಟು ಕನ್ನಡಕ ಒರೆಸುತ್ತಿದ್ದಳು. "ವರದಿ ಬರಿ," ಎಂದಳು. "ವರ್ಷಕ್ಕೆರಡು ಉಂಗುರ."

ಕೋರ್ಟಿನಲ್ಲಿ ಕತ್ತರಿಸದೆ ಕೇಳಿಸಿದರು. ಮೊದಲಿಗೆ ಜನಕ್ಕೆ ತಮಾಷೆಯಾಯಿತು. ಹಳೆಯ ಕೊಬ್ಬರಿ ಧಾರಣೆ ಬಂದಾಗ ಹಿಂದಿನ ಸಾಲಿನವನೊಬ್ಬ "ಆಗ್ಲೇ ಚೆನ್ನಾಗಿತ್ತಲ್ಲೋ" ಎಂದ. ಮೂರನೇ ಉಂಗುರಕ್ಕೆ ಬರುವಷ್ಟರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಓಂಕಾರಮೂರ್ತಿ ಬಾಗಿಲ ಹತ್ತಿರ ನಿಂತು ತಮ್ಮ ಚಪ್ಪಲಿ ನೋಡುತ್ತಿದ್ದರು.

ರೇವಣ್ಣನ ವಕೀಲ ಎದ್ದ. ವಯಸ್ಸು ಚಿಕ್ಕದು, ಕೋಟು ದೊಡ್ಡದು.

"ಸ್ವಾಮೀ, ಇದು ಕಟ್ಟಿದ ಸಾಕ್ಷಿ. ಆರು ವರ್ಷ ಒಬ್ಬನೇ ಮನುಷ್ಯ ಮಾತಾಡಿದ್ದಾನೆ. ಎರಡನೇ ದನಿಯೇ ಇಲ್ಲ. ಸಂಸಾರ ಇರೋ ಮನೇಲಿ ಹೀಗಾಗುತ್ತಾ? ಯಾವುದೋ ಖಾಲಿ ಜಾಗದಲ್ಲಿ ಕೂರಿಸಿ ಓದಿಸಿದ್ದಾರೆ." ಆಕೆಯ ಕಡೆ ತಿರುಗಿದ. "ಮೇಡಂ, ಈ ಮಂಗಳಾ ಅನ್ನೋರು ಯಾರು?"

"ನಾನೇ."

"ಆ ಮನೇಲಿ ವಾಸ ಇದ್ರಾ?"

"ಇದ್ದೆ. ಇದ್ದೀನಿ."

"ದಿನಾ ಕರೆದಿದ್ದಾರಲ್ಲ. ಒಂದು ದಿನವಾದ್ರೂ ಓಗೊಡಬೇಕಿತ್ತಲ್ಲ? ಯಾಕೆ ಓಗೊಡಲಿಲ್ಲ?"

ಇದಕ್ಕೆ ಒಳ್ಳೆಯ ಉತ್ತರಗಳಿದ್ದವು. ಮರದ ಹತ್ತಿರ ಮಾತಾಡಬಾರದೆಂಬುದು ಊರಿಗೇ ಗೊತ್ತಿತ್ತು. ಕೇಂದ್ರದ ನೌಕರರಿಗೆ ಆ ಬಗ್ಗೆ ಸುತ್ತೋಲೆಯೂ ಇತ್ತು. ಕಾಯಿದೆ ಬರುವ ಮುಂಚಿನ ಎರಡು ವರ್ಷಕ್ಕೆ ಮಾತ್ರ ಆ ಉತ್ತರ ಹೊಂದುತ್ತಿರಲಿಲ್ಲ.

"ದಣಿದಿರ್ತಿದ್ದೆ," ಎಂದಳು.

ವಕೀಲ ಇನ್ನೇನೋ ಕೇಳಲು ಬಾಯಿ ತೆರೆದ. ನ್ಯಾಯಾಧೀಶರು, ಆಕೆಯಷ್ಟೇ ವಯಸ್ಸಿನ ಹೆಂಗಸು, ಪೆನ್ನು ಕೆಳಗಿಟ್ಟು, "ಕೂತ್ಕೊಳ್ರೀ, ಅದು ಕಟ್ಟಿದ ಸಾಕ್ಷಿ ಅಲ್ಲ" ಎಂದರು.

ಅಂಗಡಿ ದಾಕ್ಷಾಯಿಣಿಗೆ ಉಳಿಯಿತು. ಮರುದಿನದಿಂದ ಕೇಂದ್ರದ ಮುಂದೆ ಹಳೇ ತೀರ್ಪುಗಳನ್ನು ಹಿಡಿದವರ ಸಾಲು ಬಸ್‌ಸ್ಟ್ಯಾಂಡಿನ ತನಕ ಬೆಳೆಯಿತು. ಚಂದ್ರಮೌಳಿ ಸಕ್ಕರೆ ಕಾಯಿಲೆಗೆ ರಜೆ ಹಾಕಿದ. ಮೇಲಿನಿಂದ ಒಂದು ಸುತ್ತೋಲೆ ಬಂತು: ಎರಡು ಮಳೆಗಾಲದ ಸೀಮೆಯಲ್ಲಿ ಉಂಗುರಗಳನ್ನು ಎರಡರಿಂದ ಭಾಗಿಸತಕ್ಕದ್ದು, ಮಳೆ ಕೈಕೊಟ್ಟ ವರ್ಷಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಸರ್ವಮಂಗಳ ಸುಳ್ಳುಂಗುರದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು, ಯಂತ್ರ ಬಂದ ಮೇಲೆ ಮೊದಲ ಸಲ, ನಾಲ್ಕು ಜನ ಆಪರೇಟರುಗಳಿಗೆ ಪಾಠ ಮಾಡಿದಳು. ಇಬ್ಬರು ತೂಕಡಿಸಿದರು. ಹಳೆಯ ಕಾಲ ಬಂದಂತೆನಿಸಿತು.

ಮನೆಯಲ್ಲಿ ಕೋರ್ಟಿನ ಮಾತು ಯಾರೂ ಎತ್ತಲಿಲ್ಲ. ಏನೂ ಕೇಳಬೇಡ ಎಂದಿದ್ದರು, ಆಕೆ ಕೇಳಲಿಲ್ಲ. ಓಂಕಾರಮೂರ್ತಿ ಬೆಳಿಗ್ಗೆ ಬೆಂಚಿಗೆ ಹೋಗುತ್ತಿದ್ದರು, ಆದರೆ ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಊರೆಲ್ಲ ಕೇಳಿದ ಮೇಲೆ ಗಟ್ಟಿಯಾಗಿ ಓದಲು ಏನೋ ಸಂಕೋಚ. ಬೀದಿ ಮೊದಲ ಸಲ ನಿಶ್ಶಬ್ದವಾಗಿತ್ತು. ರೈಲು ನಿಂತ ಮೇಲೆ ಹಳಿ ಪಕ್ಕದವರಿಗೆ ಎಚ್ಚರವಾಗುವ ಹಾಗೆ ಸರ್ವಮಂಗಳಾಳಿಗೆ ಆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಆಕೆ ಎರಡು ಲೋಟ ಕಾಫಿ ಹಿಡಿದು ಬಂದಳು. ಮರವನ್ನು ಬಳಸಿ ಹೋಗಲಿಲ್ಲ. ನೇರವಾಗಿ ಬಂದು ಬೆಂಚಿನ ಮೇಲೆ ಕೂತು ಕಾಂಡಕ್ಕೆ ಬೆನ್ನು ಕೊಟ್ಟಳು. ಮೇಣ ತುಂಬಿದ ತೂತು ಭುಜಕ್ಕೆ ತಾಕಿತು. ಎದುರು ಮನೆಯವರು ನಲ್ಲಿ ಬಿಟ್ಟು ನೋಡುತ್ತಾ ನಿಂತರು.

"ಬಸ್ಸು?" ಎಂದರು ಓಂಕಾರಮೂರ್ತಿ, ಪಿಸುದನಿಯಲ್ಲಿ.

"ಹೋಗುತ್ತೆ. ಇನ್ನೊಂದು ಬರುತ್ತೆ." ಆಕೆ ಒಂದು ಗುಟುಕು ಕುಡಿದಳು. ಆಮೇಲೆ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಕೇಳಿದಳು. "ಕೊಬ್ಬರಿ ಎಷ್ಟಂತ್ರೀ ಇವತ್ತು?"

ಅವರು ಆಕೆಯನ್ನೂ ಮರವನ್ನೂ ನೋಡಿದರು. "ಬರ್ಕೊಳ್ತದೆ ಕಣೆ."

"ಬರ್ಕೊಳ್ಳಲಿ."

ಅವರು ಪೇಪರ್ ಬಿಡಿಸಿ, ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ" ಎಂದರು.

ಒಣಗಾಳಿ ಬೀಸುತ್ತಿತ್ತು. ಹೊಂಗೆಯ ಎಲೆ ಬಾಡಿ ಜೋತಿತ್ತು. ಕೇಂಬಿಯಂ ಮಲಗಿರುವ ತಿಂಗಳು ಅದು, ಆಡಿದ ಒಂದಕ್ಷರವೂ ಕೂರುವುದಿಲ್ಲ ಎಂದು ಆ ಬೀದಿಯಲ್ಲಿ ಅವತ್ತು ಸರಿಯಾಗಿ ತಿಳಿದಿದ್ದವಳು ಆಕೆಯೊಬ್ಬಳೇ. ಗಂಡನಿಗೆ ಹೇಳಲಿಲ್ಲ. ಹಿಂಗಾರು ಬೀಳುವವರೆಗೆ ನಾಳೆಯೂ ಕೇಳಬೇಕು, ನಾಡಿದ್ದೂ ಕೇಳಬೇಕು ಎಂದುಕೊಂಡು ಕಾಫಿ ಮುಗಿಸಿದಳು.